ಸಲಹೆಯನ್ನು ಕೇಳುವ ಕ್ರಮ: ಅಮೆರಿಕದ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನೋದುವವರ ವಿಷಯ

ನಮ್ಮ ವಾಚಕರಲ್ಲೊಬ್ಬರಾದ ಗೃಹಸ್ಥರು ಈಚೆಗೆ ದೀರ್ಘವಾದ ಪತ್ರವೊಂದನ್ನು ಬರೆದು ಎರಡು ಪ್ರಶ್ನೆಗಳನ್ನು ಕೇಳಿರುವರು. ಅವರ ಮಗಳು ಅಮೆರಿಕಾ ಸಂಯುಕ್ತ ಸಂಸ್ಥಾನದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರವನ್ನು ಮುಖ್ಯವಿಷಯವಾಗಿ ಆರಿಸಿಕೊಂಡು ಎರಡನೆಯ ವರ್ಷದಲ್ಲಿ ಓದುತ್ತಿರುವಳು. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ವ್ಯಾಸಂಗದ ವಿಷಯದಲ್ಲಿ ಒಬ್ಬ ಸಲಹೆಗಾರರನ್ನು ಗೊತ್ತುಮಾಡಿರುವರು. ಹುಡುಗಿಯು ಅವಧಿಗೊಮ್ಮೆ ಹೋಗಿ, ಹತ್ತು ನಿಮಿಷ ಕುಳಿತು, ಮುಂದಿನ ಪಾಠಗಳ ಪಟ್ಟಿಗೆ ಒಪ್ಪಿಗೆಯನ್ನು ಪಡೆದು ಬರುವಳಂತೆ. ಮಗಳ ಪ್ರಗತಿಯೇನೆಂದು ತಂದೆಯವರು ತಾವೇ ಆ ಸಲಹೆಗಾರರನ್ನು ಕೇಳಿ ಬರೆದುದಕ್ಕೆ, ವಿದ್ಯಾರ್ಥಿನಿಯ ಲಿಖಿತ ಸಮ್ಮತಿಯಿಲ್ಲದೆ ಏನನ್ನೂ ತಿಳಿಸಲಾಗದೆಂದು ಎರಡೇ ಸಾಲಿನ ಉತ್ತರ ಬಂದಿತಂತೆ. ಮನೆಯನ್ನು ಆಧಾರಮಾಡಿ ಸಾಲವೆತ್ತಿ ಹಣ ಕಳುಹಿಸುವ ತಮಗೇ ಉತ್ತರವಿಲ್ಲದ ಮೇಲೆ ಈ ಸಲಹೆಗಾರರಿಂದ ಪ್ರಯೋಜನವೇನು, ಈ ಶಾಸ್ತ್ರವನ್ನೋದಿದ ಮೇಲೆ ಮಗಳಿಗೆ ಜೀವನೋಪಾಯವೇನು ಎಂದು ಅವರು ನೊಂದು ಕೇಳಿರುವರು.

ಎರಡು ಪ್ರಶ್ನೆಗಳೂ ನ್ಯಾಯವಾದುವೇ. ಆದರೆ ಎರಡಕ್ಕೂ ಉತ್ತರವು ಒಂದೇ ಕಡೆ ಇರುವುದೆಂದು ನಮ್ಮ ಎಣಿಕೆ. ಆ ಹತ್ತು ನಿಮಿಷಗಳನ್ನು ವಿದ್ಯಾರ್ಥಿನಿಯು ಹೇಗೆ ಉಪಯೋಗಿಸುವಳೆಂಬುದರ ಮೇಲೆಯೇ ಅವಳ ನಾಲ್ಕು ವರ್ಷಗಳ ಫಲವು ಬಹುಮಟ್ಟಿಗೆ ನಿಂತಿರುವುದು. ಇತರ ಮನೆಗಳಲ್ಲಿಯೂ ಇದೇ ಚಿಂತೆ ಇರಬಹುದಾದುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿರುವೆವು.

ಮೊದಲು ಈ ಸಲಹೆಯ ಏರ್ಪಾಡು ಹುಟ್ಟಿದ ಬಗೆಯನ್ನು ತಿಳಿಯಬೇಕು. ನಮ್ಮಲ್ಲಿ ಬಹುಕಾಲದಿಂದ ವಿಶ್ವವಿದ್ಯಾನಿಲಯವೇ ಪಾಠಕ್ರಮವನ್ನು ಗೊತ್ತುಮಾಡಿ ಕೊಡುತ್ತ ಬಂದಿರುವುದು. ವಿದ್ಯಾರ್ಥಿಯು ಒಂದು ಗುಂಪಿಗೆ ಸೇರಿದರೆ ಸಾಕು, ಉಳಿದುದೆಲ್ಲವೂ ಪ್ರಾಯಶಃ ತಾನಾಗಿ ನಡೆಯುವುದು. ಅಮೆರಿಕದಲ್ಲಿಯೂ ಹಿಂದೆ ಹೀಗೆಯೇ ಇತ್ತು. ಲ್ಯಾಟಿನ್, ಗ್ರೀಕ್, ಗಣಿತ ಮುಂತಾದುವನ್ನು ಎಲ್ಲರೂ ಒಂದೇ ಕ್ರಮದಲ್ಲಿ ಓದುತ್ತಿದ್ದರು. 1869ರಿಂದ 1909ರವರೆಗೆ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಎಂಬವರು ಈ ಕಟ್ಟನ್ನು ಸಡಿಲಿಸಿ, ಯಾವ ಯಾವ ಪಾಠಗಳನ್ನು ಓದಬೇಕೆಂಬುದನ್ನು ವಿದ್ಯಾರ್ಥಿಯ ಇಷ್ಟಕ್ಕೆ ಬಿಡುತ್ತ ಬಂದರು. ಆ ಶತಮಾನವು ಮುಗಿಯುವ ವೇಳೆಗೆ ಅಲ್ಲಿ ನಿರ್ಬಂಧವಾಗಿ ಓದಬೇಕಾದ ಪಾಠಗಳು ಅತ್ಯಲ್ಪವಾಗಿ ಉಳಿದುವು. ಇತರ ಕಾಲೇಜುಗಳೂ ಕ್ರಮೇಣ ಇದೇ ಜಾಡನ್ನು ಹಿಡಿದುವು. ಸ್ವಾತಂತ್ರ್ಯವು ದೊರೆತೊಡನೆ ದಿಗ್ಭ್ರಮೆಯೂ ದೊರೆತುದು ಸಹಜವೇ. ಹದಿನೆಂಟು ವಯಸ್ಸಿನ ಹುಡುಗನ ಮುಂದೆ ನೂರಾರು ಪಾಠಗಳ ಪಟ್ಟಿಯನ್ನಿಟ್ಟು ಆರಿಸಿಕೋ ಎಂದರೆ ಅವನು ಹೇಗೆ ಆರಿಸಿಯಾನು? ಆದುದರಿಂದಲೇ ದಾರಿ ತೋರಿಸುವ ಒಬ್ಬರು ಬೇಕಾದರು. 1979ರಲ್ಲಿ ಈ ಸಲಹೆಗಾರರದೇ ಒಂದು ರಾಷ್ಟ್ರೀಯ ಸಂಘವು ಸ್ಥಾಪಿತವಾಗುವಷ್ಟರ ಮಟ್ಟಿಗೆ ಈ ಕಾರ್ಯವು ಬೆಳೆಯಿತು.

ಈ ಇತಿಹಾಸದಿಂದ ತಿಳಿಯತಕ್ಕುದೇನೆಂದರೆ, ಆರಿಸುವವನು ವಿದ್ಯಾರ್ಥಿಯೇ ಹೊರತು ಸಲಹೆಗಾರನಲ್ಲ. ಬರ್ನ್ಸ್ ಕ್ರೂಕ್‌ಸ್ಟನ್ ಎಂಬ ವಿದ್ವಾಂಸರು 1972ರಲ್ಲಿ ಬರೆದ ಒಂದು ಲೇಖನದಲ್ಲಿ ಸಲಹೆಯ ಎರಡು ಬಗೆಗಳನ್ನು ವಿಂಗಡಿಸಿದರು. ಒಂದು, ವೈದ್ಯನು ರೋಗಿಗೆ ಔಷಧವನ್ನು ಬರೆದುಕೊಟ್ಟಂತೆ ಇಂಥದನ್ನು ಮಾಡೆಂದು ಹೇಳಿಬಿಡುವುದು. ಇನ್ನೊಂದು, ಸಲಹೆಯೂ ಬೋಧನೆಯ ಒಂದು ಭಾಗವೆಂದು ತಿಳಿದು, ವಿದ್ಯಾರ್ಥಿಯು ತನ್ನ ದಾರಿಯನ್ನು ತಾನೇ ಯೋಚಿಸಿ ನಿಶ್ಚಯಿಸುವಂತೆ ನೆರವಾಗುವುದು. ಎರಡನೆಯದೇ ಉತ್ತಮವೆಂದು ಅವರ ಪಕ್ಷ. ನಮ್ಮ ಮಕ್ಕಳು ಮೊದಲನೆಯ ಬಗೆಯನ್ನೇ ನಿರೀಕ್ಷಿಸಿ ಹೋಗುವರು. ದೊಡ್ಡವರು ಹೇಳಲಿ, ನಾವು ಕೇಳುವೆವೆಂದು ವಿನಯದಿಂದ ಕುಳಿತುಕೊಳ್ಳುವರು. ಸಲಹೆಗಾರರು ಇವರೇನು ಕೇಳುವರೋ ನೋಡೋಣವೆಂದು ಕಾದುಕೊಂಡಿರುವರು. ಹೀಗೆ ಇಬ್ಬರೂ ಸುಮ್ಮನಿದ್ದರೆ ಪಟ್ಟಿಗೆ ಒಪ್ಪಿಗೆಯು ಬೀಳುವುದಲ್ಲದೆ ಬೇರೇನು ನಡೆದೀತು?

ಕೇಳುವುದು ಅವಿನಯವೆಂಬ ಭಾವನೆಯು ನಮ್ಮ ಶಾಸ್ತ್ರಸಂಪ್ರದಾಯಕ್ಕೂ ಒಪ್ಪುವುದಿಲ್ಲ. ಉಪನಿಷತ್ತುಗಳಲ್ಲಿ ಒಂದಕ್ಕೆ ಪ್ರಶ್ನೋಪನಿಷತ್ತೆಂದೇ ಹೆಸರು. ಸುಕೇಶನೇ ಮೊದಲಾದ ಆರು ಮಂದಿ ಸಮಿತ್ತುಗಳನ್ನು ಕೈಯಲ್ಲಿ ಹಿಡಿದು ಪಿಪ್ಪಲಾದ ಮಹರ್ಷಿಯ ಬಳಿಗೆ ಹೋದರೆಂದೂ, ಆತನು ಅವರಿಗೆ ಕೂಡಲೇ ಉಪದೇಶವನ್ನಾರಂಭಿಸದೆ, ಒಂದು ವರ್ಷ ನಿಯಮದಿಂದ ಇಲ್ಲಿ ವಾಸಮಾಡಿ ಬಳಿಕ ಬೇಕಾದುದನ್ನು ಕೇಳಿರಿ, ನಮಗೆ ತಿಳಿದಿದ್ದರೆ ಹೇಳುವೆವು ಎಂದನೆಂದೂ ಅಲ್ಲಿ ಕಥೆಯಿರುವುದು. ಆರು ಮಂದಿಯ ಪ್ರಶ್ನೆಗಳೂ ಬೇರೆ ಬೇರೆ; ಒಬ್ಬನಿಗೆ ಕೊಟ್ಟ ಉತ್ತರವು ಇನ್ನೊಬ್ಬನದಲ್ಲ. ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಶಿಷ್ಯರು ಬರಿಗೈಯಲ್ಲಿ ಹೋಗಲಿಲ್ಲ. ಪ್ರಶ್ನೆಯು ಪಕ್ವವಾಗಲು ಕಾಲ ಬೇಕಾಯಿತು. ಗುರುವು ತಿಳಿದಿದ್ದರೆ ಹೇಳುವೆನೆಂದನಲ್ಲದೆ ಸರ್ವಜ್ಞನೆಂದು ಹೇಳಿಕೊಳ್ಳಲಿಲ್ಲ. ಅಮೆರಿಕದ ಕಾಲೇಜಿನಲ್ಲಿ ಸಲಹೆಗಾರರ ಬಳಿಗೆ ಹೋಗುವವರಿಗೂ ಈ ಮೂರೇ ಸೂತ್ರಗಳು ಸಾಕು.

ಬರಿಗೈಯಲ್ಲಿ ಹೋಗಬಾರದೆಂದೆವು. ಹಾಗಾದರೆ ಇಂದಿನ ಸಮಿತ್ತುಗಳು ಯಾವುವು? ಅಲ್ಲಿನ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್‌ಗಳಷ್ಟು ಪಾಠಗಳು ಬೇಕು. ಅವುಗಳಲ್ಲಿ ಒಂದು ಭಾಗ ಎಲ್ಲರಿಗೂ ಸಮಾನವಾದ ಸಾಮಾನ್ಯ ವಿದ್ಯೆ, ಒಂದು ಭಾಗ ಮುಖ್ಯವಿಷಯ, ಉಳಿದುದು ಇಷ್ಟಬಂದುದು. ಇವುಗಳಲ್ಲಿ ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂಬುದನ್ನು ತೋರಿಸುವ ಲೆಕ್ಕದ ಪತ್ರವನ್ನು ಕಾಲೇಜೇ ವಿದ್ಯಾರ್ಥಿಗೆ ಒದಗಿಸುವುದು. ಅದನ್ನು ಮನೆಯಲ್ಲಿಯೇ ಓದಿ ಅರ್ಥಮಾಡಿಕೊಂಡು, ನಾಲ್ಕು ವರ್ಷಗಳ ಎಂಟು ಅವಧಿಗಳಿಗೂ ತನ್ನದೇ ಒಂದು ಕರಡು ಯೋಜನೆಯನ್ನು ಬರೆದುಕೊಂಡು ಹೋಗಬೇಕು. ಆ ಕರಡು ತಪ್ಪಾಗಿದ್ದರೂ ಚಿಂತೆಯಿಲ್ಲ. ತಿದ್ದುವುದಕ್ಕೆ ಏನಾದರೂ ಇದ್ದರೆ ತಿದ್ದುವವರಿಗೂ ಉತ್ಸಾಹ; ಖಾಲಿ ಹಲಗೆಯನ್ನು ಯಾವ ಉಪಾಧ್ಯಾಯರೂ ತಿದ್ದಲಾರರೆಂಬುದನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನಾವು ಬಲ್ಲೆವು. ಅದರೊಡನೆ ನಾಲ್ಕೈದು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಅತಿ ಮುಖ್ಯವಾದುದು ಮೊದಲಿರಲಿ; ಕಾಲವು ಮುಗಿದುಹೋದರೆ ಕೊನೆಯದು ಉಳಿಯಲಿ.

ಹೋಗುವ ಕಾಲವೂ ಮುಖ್ಯವೇ. ಮುಂದಿನ ಅವಧಿಯ ಪಾಠಗಳಿಗೆ ಹೆಸರು ಬರೆಸುವ ವಾರದಲ್ಲಿ ಸಲಹೆಗಾರರ ಬಾಗಿಲಲ್ಲಿ ಜಾತ್ರೆ ಸೇರಿರುವುದು. ಬಾಯಾರಿದಾಗ ಬಾವಿ ತೋಡುವವರೆಲ್ಲರೂ ಆಗಲೇ ಬರುವರು. ಅವಧಿಯ ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ ಹೋದವರಿಗೆ ಅದೇ ಸಲಹೆಗಾರರು ಅರ್ಧ ಗಂಟೆ ಕುಳಿತು ಮಾತನಾಡಲು ಅವಕಾಶವಿರುವುದು. ಹೋಗಿ ಬಂದ ದಿನವೇ, ತಾವು ಹೇಳಿದುದನ್ನು ನಾನು ಹೀಗೆ ತಿಳಿದುಕೊಂಡಿರುವೆನೆಂದು ನಾಲ್ಕು ಸಾಲು ಬರೆದು ಅವರಿಗೆ ಕಳುಹಿಸಬೇಕು. ಅದು ಸೌಜನ್ಯವೂ ಆಗುವುದು. ಮುಂದೆ ಸಲಹೆಗಾರರು ಬದಲಾದರೆ ದಾಖಲೆಯೂ ಆಗುವುದು. ಅಲ್ಲಿ ಅವರು ಬದಲಾಗುವುದು ಅಪರೂಪವಲ್ಲ.

ಇನ್ನು ಯಾರನ್ನು ಏನು ಕೇಳಬೇಕೆಂಬ ವಿವೇಕ. ಅನೇಕ ಕಾಲೇಜುಗಳಲ್ಲಿ ಸಲಹೆಗಾರರು ಎರಡು ಬಗೆಯವರು. ಸಲಹೆಯನ್ನೇ ಉದ್ಯೋಗವಾಗಿ ಉಳ್ಳವರು ಒಂದು ಬಗೆ. ಮನಶ್ಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರೇ ಸಲಹೆಯನ್ನೂ ಕೊಡುವುದು ಇನ್ನೊಂದು ಬಗೆ. ನಿಯಮಗಳು, ಕ್ರೆಡಿಟ್‌ಗಳ ಲೆಕ್ಕ, ಪಾಠಗಳ ಪೂರ್ವಾಪರ ಮುಂತಾದುವನ್ನು ಮೊದಲನೆಯವರು ಚೆನ್ನಾಗಿ ಬಲ್ಲರು. ಯಾವ ಶಾಖೆಯಲ್ಲಿ ಈಗ ಎಂಥ ಸಂಶೋಧನೆ ನಡೆಯುತ್ತಿದೆ, ಮುಂದಿನ ವ್ಯಾಸಂಗಕ್ಕೆ ಯಾವ ಸಿದ್ಧತೆ ಬೇಕು ಎಂಬುದನ್ನು ಎರಡನೆಯವರು ಬಲ್ಲರು. ಒಬ್ಬರನ್ನು ಕೇಳಬೇಕಾದುದನ್ನು ಇನ್ನೊಬ್ಬರನ್ನು ಕೇಳಿ, ಅವರಿಗೇನೂ ತಿಳಿಯದೆಂದು ದೂರುವುದು ಸಲ್ಲದು. ಮೇಲೆ ಹೇಳಿದ ಉಪನಿಷತ್ತಿನಲ್ಲಿ ಸುಕೇಶನು ಒಂದು ಸಂಗತಿಯನ್ನು ಹೇಳಿಕೊಳ್ಳುವನು. ಕೋಸಲದೇಶದ ರಾಜಕುಮಾರನೊಬ್ಬನು ತನ್ನನ್ನು ಒಂದು ಪ್ರಶ್ನೆ ಕೇಳಿದಾಗ, ನನಗದು ತಿಳಿಯದೆಂದು ಸ್ಪಷ್ಟವಾಗಿ ಹೇಳಿ ಕಳುಹಿಸಿದನೆಂದೂ, ಆ ಪ್ರಶ್ನೆಯನ್ನೇ ಈಗ ಪಿಪ್ಪಲಾದನ ಮುಂದೆ ತಂದಿರುವನೆಂದೂ ಅದರ ತಾತ್ಪರ್ಯ. ನನಗೆ ತಿಳಿಯದು, ಇಂಥವರನ್ನು ಕೇಳು ಎನ್ನುವ ಸಲಹೆಗಾರರು ದೊರೆತರೆ ಅದು ವಿದ್ಯಾರ್ಥಿಯ ಭಾಗ್ಯವೆಂದೇ ತಿಳಿಯಬೇಕು.

ಈಗ ಮನಶ್ಶಾಸ್ತ್ರಕ್ಕೇ ವಿಶೇಷವಾದ ಮಾತಿಗೆ ಬರುವೆವು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಎಂಬವರು 1879ರಲ್ಲಿ ಪ್ರಯೋಗಶಾಲೆಯನ್ನು ಸ್ಥಾಪಿಸಿದಂದಿನಿಂದ ಈ ಶಾಸ್ತ್ರವು ಅಳೆಯುವ, ಎಣಿಸುವ ಶಾಸ್ತ್ರವಾಗಿ ಬೆಳೆದಿರುವುದು. ಅಮೆರಿಕದಲ್ಲಿ ಸ್ಟ್ಯಾನ್ಲಿ ಹಾಲ್ ಎಂಬವರು 1883ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಅಂಥ ಶಾಲೆಯನ್ನು ತೆರೆದರು. ಮನುಷ್ಯರ ಮನಸ್ಸನ್ನು ತಿಳಿಯಬೇಕು, ದುಃಖಿತರಿಗೆ ಸಮಾಧಾನ ಹೇಳಬೇಕು ಎಂಬ ಕೋಮಲವಾದ ಆಸೆಯಿಂದ ಬರುವ ಹುಡುಗಿಯರು, ಮೊದಲನೆಯ ವರ್ಷವೇ ಸಂಖ್ಯಾಶಾಸ್ತ್ರವೆಂಬ ಕಲ್ಲಿಗೆ ಎಡವುವರು. ಗಣಿತದಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಈ ವಿಷಯವನ್ನು ಹಿಡಿದವರೂ ಉಂಟು. ಅವರು ಆ ಪಾಠವನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ತಳ್ಳುವರು.

ಇದರಿಂದಾಗುವ ನಷ್ಟವನ್ನು ಗೃಹಸ್ಥರು ಚೆನ್ನಾಗಿ ತಿಳಿಯಬೇಕು. ಸಂಖ್ಯಾಶಾಸ್ತ್ರವು ಮುಗಿಯದೆ ಸಂಶೋಧನಾಕ್ರಮವೆಂಬ ಪಾಠಕ್ಕೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಅದು ಮುಗಿಯದೆ ಪ್ರಯೋಗಶಾಲೆಯ ಪಾಠವಿಲ್ಲ. ಅದಿಲ್ಲದೆ ಕೊನೆಯ ವರ್ಷದ ಪ್ರೌಢಪಾಠವಿಲ್ಲ. ಇವು ಒಂದರ ಕೊಂಡಿಗೆ ಒಂದು ಸಿಕ್ಕಿದ ಸರಪಳಿಯಂತೆ ಇರುವುವು. ಕೆಲವು ಪಾಠಗಳು ವರ್ಷಕ್ಕೊಂದೇ ಅವಧಿಯಲ್ಲಿ ನಡೆಯುವುವು. ಮೊದಲ ಕೊಂಡಿಯನ್ನು ಮೂರನೆಯ ವರ್ಷಕ್ಕೆ ತಳ್ಳಿದವಳು ನಾಲ್ಕು ವರ್ಷಗಳಲ್ಲಿ ಪದವಿಯನ್ನು ಮುಗಿಸಲಾರದೆ ಇನ್ನೊಂದು ಅವಧಿಯ ಶುಲ್ಕವನ್ನೂ ಊಟವಸತಿಯ ವೆಚ್ಚವನ್ನೂ ತೆರಬೇಕಾದೀತು. ಆದುದರಿಂದ ಗಣಿತದ ಭಯವಿದ್ದರೆ ಅದನ್ನು ಸಲಹೆಗಾರರಿಂದ ಮುಚ್ಚಿಡದೆ ಮೊದಲನೆಯ ಭೇಟಿಯಲ್ಲಿಯೇ ಹೇಳಿಬಿಡುವುದು ಯುಕ್ತ. ಸಹಾಯಪಾಠಗಳು ಎಲ್ಲಿ ನಡೆಯುತ್ತವೆ, ಯಾವ ಅವಧಿಯಲ್ಲಿ ಇದನ್ನು ಇತರ ಹಗುರವಾದ ಪಾಠಗಳೊಡನೆ ಸೇರಿಸಬಹುದು ಎಂಬುದನ್ನು ಅವರು ತಿಳಿಸಬಲ್ಲರು. ರೋಗವನ್ನು ಹೇಳದವನಿಗೆ ಮದ್ದು ಕೊಡುವವರಾರು?

ಜೀವನೋಪಾಯದ ಪ್ರಶ್ನೆಗೆ ನಿಷ್ಠುರವಾದ ಉತ್ತರವನ್ನೇ ಕೊಡಬೇಕಾಗಿದೆ. ಅಮೆರಿಕದಲ್ಲಿ ಪ್ರತಿವರ್ಷವೂ ಒಂದು ಲಕ್ಷಕ್ಕಿಂತ ಹೆಚ್ಚು ಮಂದಿ ಮನಶ್ಶಾಸ್ತ್ರದಲ್ಲಿ ಮೊದಲ ಪದವಿಯನ್ನು ಪಡೆಯುವರು. ಆ ಪದವಿಯೊಂದರಿಂದಲೇ ಯಾರೂ ಮನಶ್ಶಾಸ್ತ್ರಜ್ಞರೆಂಬ ಹೆಸರಿನಿಂದ ಚಿಕಿತ್ಸೆಗೆ ಕೂರುವಂತಿಲ್ಲ. ಸ್ವತಂತ್ರವಾಗಿ ವೃತ್ತಿ ನಡೆಸಲು ಸಾಮಾನ್ಯವಾಗಿ ಡಾಕ್ಟರೇಟ್, ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸ, ಬಳಿಕ ಪರೀಕ್ಷೆ ಮತ್ತು ರಾಜ್ಯದ ಪರವಾನಗಿ, ಇವಿಷ್ಟೂ ಬೇಕು. ಡಾಕ್ಟರೇಟಿನಲ್ಲಿಯೂ ಎರಡು ದಾರಿಗಳುಂಟು. 1949ರಲ್ಲಿ ಕೊಲರಾಡೋ ರಾಜ್ಯದ ಬೋಲ್ಡರ್ ಎಂಬಲ್ಲಿ ಸೇರಿದ ಸಭೆಯು, ಚಿಕಿತ್ಸಕನಾಗುವವನು ಸಂಶೋಧಕನೂ ಆಗಿರಬೇಕೆಂದು ನಿರ್ಣಯಿಸಿತು, ಪಿಎಚ್.ಡಿ. ಎಂಬುದು ಈ ದಾರಿ. 1973ರಲ್ಲಿ ಅದೇ ರಾಜ್ಯದ ವೇಲ್ ಎಂಬಲ್ಲಿ ಸೇರಿದ ಸಭೆಯು, ಚಿಕಿತ್ಸೆಗೇ ಪ್ರಾಧಾನ್ಯವನ್ನು ಕೊಡುವ ಸೈ.ಡಿ. ಎಂಬ ಪದವಿಯನ್ನು ಎತ್ತಿಹಿಡಿಯಿತು. ಗೃಹಸ್ಥರು ಗಮನಿಸಬೇಕಾದ ಭೇದವು ಹಣದ್ದು. ಪಿಎಚ್.ಡಿ.ಗೆ ಸೇರಿದವರಿಗೆ ಅನೇಕ ಕಡೆ ಶುಲ್ಕದ ವಿನಾಯಿತಿಯೂ ಜೀವನಕ್ಕೆ ವೇತನವೂ ದೊರೆಯುವುವು. ಆದರೆ ಪ್ರವೇಶವು ಬಹಳ ಕಷ್ಟ. ಸೈ.ಡಿ.ಗೆ ಹೆಚ್ಚಾಗಿ ತಾವೇ ಹಣ ತೆರಬೇಕು.

ಡಾಕ್ಟರೇಟಿಲ್ಲದ ದಾರಿಗಳೂ ಇಲ್ಲದಿಲ್ಲ. ಸಮಾಜಕಾರ್ಯದಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಪದವಿಯನ್ನು ಪಡೆದು, ಬಳಿಕ ಮೇಲ್ವಿಚಾರಣೆಯಲ್ಲಿ ಕೆಲಸಮಾಡಿ ಪರವಾನಗಿ ಪಡೆದವರೂ, ಆಪ್ತಸಮಾಲೋಚನೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಅಲ್ಲಿ ಚಿಕಿತ್ಸೆ ನೀಡುವರು. ಪಾಠಶಾಲೆಗಳ ಮನಶ್ಶಾಸ್ತ್ರಜ್ಞರಾಗಲು ಸುಮಾರು ಮೂರು ವರ್ಷಗಳ ವಿಶೇಷ ಶಿಕ್ಷಣವಿರುವುದು. ವೈದ್ಯರಾಗಬೇಕೆಂಬವರು ಮನಶ್ಶಾಸ್ತ್ರವನ್ನು ಮುಖ್ಯವಿಷಯವಾಗಿಟ್ಟುಕೊಂಡೇ ರಸಾಯನ, ಜೀವ, ಭೌತಶಾಸ್ತ್ರಗಳ ಪಾಠಗಳನ್ನು ಜೊತೆಗೆ ಸೇರಿಸಿಕೊಳ್ಳಬಹುದು. ಅಲ್ಲಿನ ವೈದ್ಯಕೀಯ ಪ್ರವೇಶಪರೀಕ್ಷೆಯಲ್ಲಿ 2015ರಿಂದ ಮನಶ್ಶಾಸ್ತ್ರ ಸಮಾಜಶಾಸ್ತ್ರಗಳ ಒಂದು ಭಾಗವೇ ಸೇರಿರುವುದು. ಮೊದಲ ಪದವಿಯೊಡನೆಯೇ ಕೆಲಸಕ್ಕೆ ಸೇರುವವರಿಗೆ ಸಂಖ್ಯಾಶಾಸ್ತ್ರ, ಸಮೀಕ್ಷೆ ನಡೆಸುವ ಕೌಶಲ, ಸ್ಪಷ್ಟವಾಗಿ ಬರೆಯುವ ಅಭ್ಯಾಸ ಇವು ಬೇಡಿಕೆಯನ್ನು ತರುವುವು. ಇವುಗಳಲ್ಲಿ ಪ್ರತಿಯೊಂದು ದಾರಿಗೂ ಬೇಕಾದ ಪಾಠಗಳು ಬೇರೆ. ಆದುದರಿಂದ ಎರಡನೆಯ ವರ್ಷದಲ್ಲಿ ಕೇಳಬೇಕಾದ ಮುಖ್ಯಪ್ರಶ್ನೆಯು ಯಾವ ಪಾಠವು ಸುಲಭವೆಂಬುದಲ್ಲ. ಈ ದಾರಿಗಳಲ್ಲಿ ಎರಡು ನನಗೆ ಹಿಡಿಸಿವೆ, ಎರಡನ್ನೂ ಇನ್ನೊಂದು ವರ್ಷ ತೆರೆದಿಟ್ಟುಕೊಳ್ಳಲು ಯಾವ ಪಾಠಗಳನ್ನು ತೆಗೆದುಕೊಳ್ಳಲಿ ಎಂಬುದು. ಇಂಥ ಪ್ರಶ್ನೆಗೆ ಒಳ್ಳೆಯ ಉತ್ತರವು ಬಂದೇ ಬರುವುದು.

ಡಾಕ್ಟರೇಟಿನ ಆಸೆಯುಳ್ಳವರು ಇನ್ನೊಂದನ್ನು ಮರೆಯಬಾರದು. ಪ್ರವೇಶಕ್ಕೆ ಸಾಮಾನ್ಯವಾಗಿ ಮೂರು ಮಂದಿ ಅಧ್ಯಾಪಕರ ಶಿಫಾರಸುಪತ್ರಗಳು ಬೇಕು. ಇನ್ನೂರು ಮಂದಿಯ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಒಳ್ಳೆಯ ಅಂಕ ಪಡೆದವಳ ವಿಷಯದಲ್ಲಿ ಅಧ್ಯಾಪಕರು ಏನೆಂದು ಬರೆದಾರು? ಅವರ ಪ್ರಯೋಗಶಾಲೆಯಲ್ಲಿ ಒಂದೆರಡು ವರ್ಷ ಕೆಲಸಮಾಡಿದವಳ ವಿಷಯದಲ್ಲಿ ಬರೆಯುವುದಕ್ಕೆ ಬೇಕಾದಷ್ಟಿರುವುದು. ಮೂರನೆಯ ವರ್ಷಕ್ಕೆ ಮೊದಲೇ ಯಾವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಸಹಾಯಕ್ಕೆ ಸೇರಿಸಿಕೊಳ್ಳುವರೆಂದು ಸಲಹೆಗಾರರನ್ನು ಕೇಳಿ, ಆ ಅಧ್ಯಾಪಕರ ಒಂದೆರಡು ಲೇಖನಗಳನ್ನು ಓದಿಕೊಂಡು ಅವರನ್ನು ಕಾಣಬೇಕು. ಕೆಲವು ರಾಷ್ಟ್ರೀಯ ವಿದ್ಯಾರ್ಥಿವೇತನಗಳು ಆ ದೇಶದ ಪ್ರಜೆಗಳಿಗೆ ಮಾತ್ರ ಮೀಸಲಾಗಿರುವುದರಿಂದ, ಹೊರದೇಶದವರಿಗೆ ಯಾವುವು ತೆರೆದಿವೆ ಎಂಬುದನ್ನೂ ಕೇಳಬೇಕು.

ಹೊರದೇಶದ ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆಯು ಅತ್ಯಗತ್ಯ. ಎಫ್-1 ವೀಸಾದ ಮೇಲೆ ಮೊದಲ ಪದವಿಗೆ ಓದುವವರು ಪ್ರತಿ ಅವಧಿಯಲ್ಲಿಯೂ ಸಾಮಾನ್ಯವಾಗಿ 12 ಕ್ರೆಡಿಟ್‌ಗಳಿಗೆ ಕಡಿಮೆಯಿಲ್ಲದಂತೆ ಓದಬೇಕೆಂಬ ನಿಯಮವಿರುವುದು. ಕಠಿನವಾದ ಪಾಠವೊಂದನ್ನು ನಡುವೆ ಬಿಟ್ಟುಬಿಡೆಂದು ಅಧ್ಯಯನದ ಸಲಹೆಗಾರರು ಸದ್ಭಾವದಿಂದಲೇ ಹೇಳಿಯಾರು. ಅಂಕಗಳ ದೃಷ್ಟಿಯಿಂದ ಅದು ಒಳ್ಳೆಯ ಸಲಹೆಯೇ ಆಗಬಹುದು. ಆದರೆ ಬಿಟ್ಟೊಡನೆ ಲೆಕ್ಕವು ಹನ್ನೆರಡಕ್ಕಿಂತ ಇಳಿದರೆ ಆ ದೇಶದಲ್ಲಿ ಇರುವ ಹಕ್ಕಿಗೇ ಧಕ್ಕೆ ಬಂದೀತು. ಬಿಡುವುದಕ್ಕೆ ಮೊದಲು ಹೊರದೇಶದ ವಿದ್ಯಾರ್ಥಿಗಳ ಕಚೇರಿಯನ್ನು ಕಂಡು ಅನುಮತಿ ಪಡೆಯಲೇಬೇಕು. ಕಾಲೇಜಿನ ಹೊರಗೆ ವೇತನಕ್ಕಾಗಿ ಮಾಡುವ ತರಬೇತಿಯ ಕೆಲಸಕ್ಕೂ ಇದೇ ಮಾತು. ಈ ಎರಡು ಕಚೇರಿಗಳು ಒಂದಕ್ಕೊಂದು ಮಾತನಾಡಿಕೊಂಡಿರುವುವೆಂದು ವಿದ್ಯಾರ್ಥಿಯು ಎಂದಿಗೂ ಭಾವಿಸಬಾರದು.

ಇಲ್ಲಿಗೆ ಮರಳಿ ಬಂದು ವೃತ್ತಿ ನಡೆಸಬೇಕೆಂಬವರಿಗೂ ಒಂದು ಮಾತು ಹೇಳಬೇಕು. ಈ ಶಾಸ್ತ್ರವು ನಮಗೆ ಹೊಸದಲ್ಲ. ಹಾರ್ವರ್ಡ್‌ನಲ್ಲಿ ಓದಿ ಬಂದ ನರೇಂದ್ರನಾಥ ಸೇನಗುಪ್ತರ ನೇತೃತ್ವದಲ್ಲಿ ಕಲ್ಕತ್ತೆಯ ಶಾಖೆಯು 1916ರಲ್ಲಿ ಆರಂಭವಾಯಿತು. ಲಂಡನ್‌ನಲ್ಲಿ ಸ್ಪಿಯರ್‌ಮನ್‌ರ ಬಳಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನ ಶಾಖೆಯನ್ನು ಕಟ್ಟಿದರು; 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಬಿತ್ತರಿಸಿದವರೂ ಅವರೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ಈಗಿನ ರೂಪಕ್ಕೆ ಬಂದಿತು. ಆದರೆ ನಮ್ಮ ದೇಶದಲ್ಲಿ ಚಿಕಿತ್ಸಕ ಮನಶ್ಶಾಸ್ತ್ರಜ್ಞರಾಗಿ ಕೆಲಸಮಾಡುವವರು 1992ರ ಕಾನೂನಿನಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಬೇಕು. ಅದಕ್ಕೆ ಅದು ಮಾನ್ಯಮಾಡುವ ತರಬೇತಿಯಾಗಿರಬೇಕು. ಈ ಪದವಿಗಳ ಕ್ರಮವು ಈಚಿನ ವರ್ಷಗಳಲ್ಲಿ ಬದಲಾಗುತ್ತಿರುವುದರಿಂದ ಪರಿಷತ್ತಿನ ಪ್ರಕಟನೆಯನ್ನೇ ನೇರವಾಗಿ ಓದಿಕೊಳ್ಳುವುದು ಕ್ಷೇಮ. ಅಮೆರಿಕದ ಸಲಹೆಗಾರರು ಇದನ್ನು ಬಲ್ಲವರಲ್ಲ; ಬಲ್ಲವರೆಂದು ನಿರೀಕ್ಷಿಸುವುದೂ ತಪ್ಪು. ಅವರಿಂದ ಕೇಳಿ ಪಡೆಯಬೇಕಾದುದು ಪ್ರತಿಯೊಂದು ಪಾಠದ ವಿವರವಾದ ಪಠ್ಯಸೂಚಿ ಮತ್ತು ಮೇಲ್ವಿಚಾರಣೆಯಲ್ಲಿ ಮಾಡಿದ ಕೆಲಸದ ಗಂಟೆಗಳ ಲಿಖಿತ ಪ್ರಮಾಣ. ಇವನ್ನು ಅವಧಿಯಿಂದವಧಿಗೆ ಜೋಪಾನವಾಗಿ ಇಟ್ಟುಕೊಂಡವರಿಗೆ ಮುಂದೆ ಬಹಳ ಶ್ರಮ ಉಳಿಯುವುದು.

ಮನಶ್ಶಾಸ್ತ್ರವನ್ನೋದುವವರಿಗೆ ಇನ್ನೊಂದು ಸೂಕ್ಷ್ಮವಾದ ತೊಡಕಿರುವುದು. ಚಿತ್ತವಿಕಾರಗಳ ಲಕ್ಷಣಗಳನ್ನೋದುವಾಗ ಅವೆಲ್ಲವೂ ತಮ್ಮಲ್ಲಿಯೇ ಇರುವಂತೆ ಎಳೆಯ ವಿದ್ಯಾರ್ಥಿಗಳಿಗೆ ತೋರುವುದುಂಟು. ಕೆಲವರಿಗೆ ದೂರದೇಶದ ಏಕಾಂತದಲ್ಲಿ ನಿಜವಾಗಿಯೂ ಮನಸ್ಸು ಕುಗ್ಗಿರುವುದೂ ಉಂಟು. ಓದುವ ಶಾಸ್ತ್ರವೇ ಇದಾದುದರಿಂದ ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲೆನೆಂದು ಹುಡುಗಿಯು ಸುಮ್ಮನಿರಬಹುದು. ನೇತ್ರವೈದ್ಯನಾದರೂ ತನ್ನ ಕಣ್ಣಿನ ಶಸ್ತ್ರಕ್ರಿಯೆಯನ್ನು ತಾನೇ ಮಾಡಿಕೊಳ್ಳನು. ಅಧ್ಯಯನದ ಸಲಹೆಗಾರರು ಮನಸ್ಸಿಗೆ ಚಿಕಿತ್ಸೆ ಮಾಡುವವರಲ್ಲ. ಅದಕ್ಕೆ ಕಾಲೇಜಿನಲ್ಲಿ ಬೇರೆ ಸಮಾಲೋಚನಾ ಕೇಂದ್ರವಿರುವುದು. ಆದರೆ ನಿದ್ರೆಯಿಲ್ಲ, ಓದು ಹತ್ತುತ್ತಿಲ್ಲ ಎಂದು ಸಲಹೆಗಾರರಿಗೆ ಒಂದು ಮಾತು ತಿಳಿಸಿದರೆ ಅವರು ಆ ಬಾಗಿಲನ್ನು ತೋರಿಸುವರು; ಪಾಠಗಳ ಭಾರವನ್ನು ನಿಯಮಕ್ಕೆ ಒಳಪಟ್ಟು ಇಳಿಸುವ ಮಾರ್ಗವಿದ್ದರೆ ಅದನ್ನೂ ಹೇಳುವರು. ಅಂಕಗಳು ಕುಸಿದ ಮೇಲೆ ಹೇಳುವುದಕ್ಕಿಂತ ಕುಸಿಯುವ ಮೊದಲು ಹೇಳುವುದು ಲೇಸು.

ಕೊನೆಯದಾಗಿ ತಂದೆತಾಯಿಗಳ ಕರ್ತವ್ಯ. ಸಲಹೆಗಾರರು ತಂದೆಗೆ ಉತ್ತರ ಕೊಡದಿದ್ದುದು ಅಹಂಕಾರದಿಂದಲ್ಲ. 1974ರಲ್ಲಿ ಆ ದೇಶದಲ್ಲಿ ಮಾಡಿದ ಕಾನೂನಿನಂತೆ, ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಣ ಹಕ್ಕು ವಿದ್ಯಾರ್ಥಿಯದೇ. ಅವನ ಲಿಖಿತ ಸಮ್ಮತಿಯಿಲ್ಲದೆ, ಕೆಲವು ವಿನಾಯಿತಿಗಳ ಹೊರತು, ಕಾಲೇಜು ಅವನ್ನು ಬೇರೆಯವರಿಗೆ ತೋರಿಸಕೂಡದು. ಹಣ ಕೊಡುವವನು ನಾನೆಂಬ ನ್ಯಾಯವು ಅಲ್ಲಿ ಇದಕ್ಕೆ ಅನ್ವಯಿಸದು. ಇದು ನಮಗೆ ಕಹಿಯಾಗಿ ತೋರಬಹುದು. ಆದರೆ ಪ್ರಾಪ್ತವಯಸ್ಸಿನ ಮಗನನ್ನು ಮಿತ್ರನಂತೆ ಕಾಣಬೇಕೆಂಬುದು ನಮ್ಮ ಹಿರಿಯರದೇ ನೀತಿ. ಮಗಳಿಗೆ ಅದು ಸಲ್ಲದೆಂದು ಯಾರು ಹೇಳಿದರು? ಕಾಲೇಜನ್ನು ಕೇಳುವ ಬದಲು ಮಗಳನ್ನು ಕೇಳಬೇಕು. ಅದೂ ಅಂಕಗಳೆಷ್ಟು ಎಂದಲ್ಲ. ಈ ಸಾರಿ ಸಲಹೆಗಾರರನ್ನು ಏನೆಂದು ಕೇಳಿದೆ, ಅವರು ಏನು ಹೇಳಿದರು, ಅದರಲ್ಲಿ ನಿನಗೆ ಒಪ್ಪಿಗೆಯಾಗದುದೇನು ಎಂಬ ಮೂರು ಪ್ರಶ್ನೆಗಳು ಸಾಕು. ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ಮುಂದಿನ ಭೇಟಿಗೆ ಅವಳು ತಾನಾಗಿ ಸಿದ್ಧಳಾಗಿ ಹೋಗುವಳು.

ತಂದೆತಾಯಿಗಳು ಕೇಳುವುದಷ್ಟೇ ಅಲ್ಲ, ಹೇಳಬೇಕಾದುದೂ ಒಂದಿರುವುದು. ಮನೆಯಲ್ಲಿ ಹಣವೆಷ್ಟಿದೆ, ಸಾಲವೆಷ್ಟಾಗಿದೆ, ನಾಲ್ಕು ವರ್ಷಗಳಾಚೆಗೆ ಎಷ್ಟು ಮಾತ್ರ ಸಾಧ್ಯ ಎಂಬ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡುವುದು ನಮ್ಮ ಮನೆಗಳ ವಾಡಿಕೆ. ಪ್ರೀತಿಯಿಂದಲೇ ಹಾಗೆ ಮಾಡುವೆವು. ಆದರೆ ಅದರಿಂದ ಮಕ್ಕಳ ಯೋಜನೆಯು ಅಂದಾಜಿಲ್ಲದ ಮನೆಯಂತಾಗುವುದು. ಸಲಹೆಗಾರರು ಮಗಳ ಅಂಕಗಳನ್ನು ಬಲ್ಲರು, ಕಾಲೇಜಿನ ನಿಯಮಗಳನ್ನು ಬಲ್ಲರು. ಅವಳ ಮನೆಯ ಪೆಟ್ಟಿಗೆಯನ್ನು ಅವರು ಕಾಣಲಾರರು. ವೇತನವಿರುವ ದಾರಿ ಯಾವುದು, ಸಾಲದ ದಾರಿ ಯಾವುದು, ಒಂದು ಅವಧಿಯನ್ನು ಉಳಿಸುವ ಬಗೆ ಹೇಗೆ ಎಂದು ಅವಳು ಕೇಳಬೇಕಾದರೆ, ಆ ಪ್ರಶ್ನೆಗೆ ಬೇಕಾದ ಅಂಕಿಗಳನ್ನು ಅವಳ ಕೈಗೆ ಕೊಡಬೇಕಾದವರು ಹೆತ್ತವರೇ. ಮುಂದಿನ ಭಾನುವಾರ ಮಗಳೊಡನೆ ದೂರವಾಣಿಯಲ್ಲಿ ಮಾತನಾಡುವಾಗ ತಂದೆತಾಯಿಗಳಿಬ್ಬರೂ ಕುಳಿತು ಈ ಲೆಕ್ಕವನ್ನು ಬಿಚ್ಚಿ ಹೇಳಲಿ. ಅವಳು ಅದನ್ನು ಬರೆದುಕೊಂಡು, ತನ್ನ ಕರಡಿನೊಡನೆ ಸಲಹೆಗಾರರ ಬಳಿಗೆ ಹೋಗಲಿ.